ಡ್ರೈವರನ ತಲೆಮೇಲಿನ ಮುಚ್ಚಳ

ನನ್ನದು ಮೊದಲಿನಿಂದಲೂ ಒಂದು ಕೆಟ್ಟ ಸ್ವಭಾವ. ಯಾವುದೇ ಕೆಲಸ ಕೂದಲೆಳೆಯಷ್ಟು ಆಚೀಚೆ ಆದರೂ ಮೈ ಉರಿಯುತ್ತದೆ. ಬಡಗಿ ಕೂರಿಸಿದ ಬಾಗಿಲು, ದರ್ಜಿ ಹೊಲಿದ ಅಂಗಿ, ಪಕ್ಕದ ಮನೆಯವರು ಅಂಗಳದಲ್ಲಿ ಹಾಕಿದ ರಂಗೋಲಿ, ಯಾವುದನ್ನೂ ಬಿಟ್ಟವನಲ್ಲ. “ಇವನ ಕಣ್ಣಿಗೆ ದೇವರೂ ಸೊಟ್ಟಗ ಕಾಣ್ತಾನ” ಎಂದು ಅಮ್ಮ ಬೈಯುತ್ತಿದ್ದಳು. ಆ ಬೈಗುಳವನ್ನು ನಾನು ಹೊಗಳಿಕೆ ಎಂದೇ ತಿಳಿದಿದ್ದೆ. ಈ ಸ್ವಭಾವ ಒಬ್ಬ ಮನುಷ್ಯನ ಬಾಯಿಂದ ರೊಟ್ಟಿ ಕಸಿದುಕೊಂಡ ಮೇಲೆ ಹಾಗೆ ತಿಳಿಯುವುದನ್ನು ಬಿಟ್ಟೆ.

ಎಪ್ಪತ್ತರ ದಶಕದಲ್ಲಿ ನಾನು ಮಾನ್ವಿಯ ಒಂದು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದೆ. ಮನೆ ರಾಯಚೂರಿನಲ್ಲಿ. ವಾರವೆಲ್ಲ ಮಾನ್ವಿಯ ಬಾಡಿಗೆ ಕೋಣೆ, ಶನಿವಾರ ಅರ್ಧ ದಿನ ಮುಗಿಸಿ ರಾಯಚೂರಿನ ಬಸ್ಸು. ಬಸ್ಸಿಳಿದವನು ನೇರ ಮನೆಗೆ ಹೋಗುತ್ತಿರಲಿಲ್ಲ. ಸ್ಟೇಷನ್ ಹತ್ತಿರದ ಒಂದು ರದ್ದಿ ಅಂಗಡಿಗೆ ಹೋಗುತ್ತಿದ್ದೆ. ಸಿಕಂದರಾಬಾದಿನ ದಂಡಿನ ಬಂಗಲೆಗಳ ಹಳೆಯ ಪುಸ್ತಕ, ಪತ್ರಿಕೆಗಳು ಅಲ್ಲಿಗೆ ರೈಲಿನಲ್ಲಿ ಗಂಟುಗಂಟಾಗಿ ಬರುತ್ತಿದ್ದವು. ಅಂಗಡಿಯ ಸಾಹುಕಾರ ನನ್ನ ವಯಸ್ಸಿನವನೇ. ಮನೆಯಲ್ಲಿ ದಖ್ಖನಿ, ಅಂಗಡಿಯಲ್ಲಿ ಗಿರಾಕಿಯದು ಯಾವ ಭಾಷೆಯೋ ಆ ಭಾಷೆ. ಒಂದು ಶನಿವಾರ ಅವನು ಗಲ್ಲೆಯ ಕೆಳಗಿನಿಂದ ಒಂದು ಚಪ್ಪಟೆ ಪೆಟ್ಟಿಗೆ ತೆಗೆದು ನನ್ನ ಮುಂದಿಟ್ಟ.

“ಪಗಡಿ ಇದ್ದಂಗ ಅದ ಜೀ. ಕಾಯಿ ಒಂದಿಷ್ಟು ಕಮ್ಮಿ ಅವ. ನಿಮ್ಮಂಥ ಹುಚ್ಚರೇ ಒಯ್ಯಬೇಕು.”

ಒಳಗೆ ಅರ್ಧ ಚಾಪೆಯಷ್ಟು ದೊಡ್ಡ ನಕಾಶೆ ಇತ್ತು. ನಕಾಶೆಯ ತುಂಬ ಜೇನುಗೂಡಿನ ಹಾಗೆ ಆರು ಮೂಲೆಯ ಮನೆಗಳು. ನದಿ, ಗುಡ್ಡ, ರಸ್ತೆ, ಸೇತುವೆ. ಜೊತೆಗೆ ಉಗುರಿನಗಲದ ರಟ್ಟಿನ ಕಾಯಿಗಳು. ಒಂದೊಂದರ ಮೇಲೂ ಟ್ಯಾಂಕಿನ ಗುರುತು, ಅದರ ಕೆಳಗೆ ಎರಡು ಅಂಕಿ. ಮೊದಲನೆಯದು ಆ ಕಾಯಿಯ ಬಲ, ಎರಡನೆಯದು ಅದು ಎಷ್ಟು ಮನೆ ಓಡಬಲ್ಲದು ಎಂಬುದು. ಯಾವುದೋ ದೇಶದವರು ನಡೆದುಹೋದ ಯುದ್ಧವನ್ನು ಮೇಜಿನ ಮೇಲೆ ಮತ್ತೆ ಆಡಲಿಕ್ಕೆ ಮಾಡಿಕೊಂಡ ಆಟ. ನಾನು ಅಲ್ಲೇ ಅಂಗಡಿಯ ಕಟ್ಟೆಯ ಮೇಲೆ ಹರಡಿಕೊಂಡು ಕೂತೆ. ಮನೆಗೆ ಹೋದಾಗ ಅಮ್ಮ ಸಾರನ್ನು ಎರಡನೇ ಸಲ ಬಿಸಿ ಮಾಡಿದ್ದಳು.

ಏಳೆಂಟು ವರ್ಷದಲ್ಲಿ ಅಂಥ ಹನ್ನೊಂದು ಪೆಟ್ಟಿಗೆ ಕೂಡಿಸಿದೆ. ಒಂದರಲ್ಲೂ ಕಾಯಿ ಪೂರ್ತಿ ಇರುತ್ತಿರಲಿಲ್ಲ. ಹಳೆಯ ಕ್ಯಾಲೆಂಡರಿನ ರಟ್ಟು ಕತ್ತರಿಸಿ, ಅಂಕಿ ಬರೆದು, ಕಳೆದವನ್ನು ನಾನೇ ಮಾಡಿಕೊಳ್ಳುತ್ತಿದ್ದೆ. ಆಡಲಿಕ್ಕೆ ಮಾತ್ರ ಯಾರೂ ಸಿಗಲಿಲ್ಲ. ಎರಡೂ ಕಡೆಗೆ ನಾನೇ ಆಡುತ್ತಿದ್ದೆ. ಆದರೂ ಸೋತಾಗ ಸಿಟ್ಟು ಬರುತ್ತಿತ್ತು. ಆಮೇಲೆ ರದ್ದಿ ಅಂಗಡಿಯವನ ತಮ್ಮ ಕೊಲ್ಲಿ ದೇಶಕ್ಕೆ ದುಡಿಯಲು ಹೋದ. ಅವನು ಊರಿಗೆ ಬರುವಾಗ ಪ್ಲಾಸ್ಟಿಕ್ಕಿನ ಟ್ಯಾಂಕುಗಳನ್ನು ತರತೊಡಗಿದ ಮೇಲೆ ನನ್ನ ಹುಚ್ಚು ಪೂರ್ತಿ ಕೆದರಿತು. ಪೆಟ್ಟಿಗೆಯಲ್ಲಿ ಬಿಡಿ ಬಿಡಿ ಚೂರುಗಳಿರುತ್ತವೆ. ಕತ್ತರಿಸಿ, ಉಜ್ಜಿ, ಅಂಟಿಸಿ, ಬಣ್ಣ ಹಚ್ಚಿ ನಿಜವಾದ ಗಾಡಿಯ ಮೂವತ್ತೈದರಲ್ಲಿ ಒಂದು ಅಳತೆಯ ಗಾಡಿ ಮಾಡಬೇಕು. ಅಂಟಿಗೆ, ಬಣ್ಣಕ್ಕೆ ನಾನು ಲಾರಿಗಳ ನಂಬರ್ ಬರೆಯುವವನ ಹತ್ತಿರ ಹೋಗುತ್ತಿದ್ದೆ. ಮುರಿದ ತೋಪಿನ ನಳಿಗೆಗೆ ಕೊಡೆಯ ಕಡ್ಡಿ ಆಗುತ್ತಿತ್ತು.

“ದೇವರ ಮನಿ ತನಕ ಆ ಹೊಲಸು ವಾಸನಿ! ಬ್ಯಾಂಕಿನಾಗ ಕೆಲಸ ಮಾಡೋ ಗಂಡಸು, ಆಟಿಗಿ ಸಾಮಾನು ಹಚ್ಚಿಕೊಂಡು ಕೂತೀಯಲ್ಲೋ” ಎಂದು ಅಮ್ಮ ಎಲ್ಲವನ್ನೂ ಮನೆಯಿಂದ ಹೊರಗೆ ಹಾಕಿಸಿದಳು. ನಮ್ಮದು ಮಡಿಯ ಮನೆ. ಹೊರಗಿನವರ ಕೈಯ ನೀರೂ ಮುಟ್ಟುತ್ತಿರಲಿಲ್ಲ. ಮಾನ್ವಿಯಲ್ಲೂ ನಾನೇ ಅನ್ನ ಬೇಯಿಸಿಕೊಳ್ಳುತ್ತಿದ್ದೆ. ಹೀಗಾಗಿ ಯುದ್ಧವೆಲ್ಲ ಮಾನ್ವಿಯ ಕೋಣೆಗೆ ಬಂತು.

ಬ್ಯಾಂಕಿನ ಬಾಗಿಲಲ್ಲಿ ಜೋಡುನಳಿಗೆಯ ಬಂದೂಕು ಹಿಡಿದು ಸ್ಟೂಲಿನ ಮೇಲೆ ಕೂಡುವ ಒಬ್ಬ ಕಾವಲುಗಾರನಿದ್ದ. ಅರಕೇರಾದವನು, ಮಿಲಿಟರಿಯಿಂದ ಬಿಟ್ಟು ಬಂದವನು, ನನಗಿಂತ ಹತ್ತು ವರ್ಷ ದೊಡ್ಡವನು. ಎಲ್ಲರೂ ಅವನನ್ನು ಹವಾಲ್ದಾರ್ ಎನ್ನುತ್ತಿದ್ದರು. ಒಂದು ಸಂಜೆ ನಾನು ಮರೆತು ಬಂದ ಕೊಡೆಯನ್ನು ಕೊಡಲು ಕೋಣೆಗೆ ಬಂದ. ಗೂಡಿನಲ್ಲಿ ಸಾಲಾಗಿ ನಿಂತ ಟ್ಯಾಂಕುಗಳನ್ನು ನೋಡಿ ಚಪ್ಪಲಿ ಬಿಟ್ಟು ಒಳಗೆ ಬಂದ. ನೆಲದ ಮೇಲೆ ಹಾಸಿದ ನಕಾಶೆಯನ್ನೂ ನೋಡಿದ.

“ಈ ಕಾಯಿ ಸತ್ರ ಏನ್ ಮಾಡ್ತೀರಿ ಸಾಹೇಬ್ರ?”

“ಪೆಟ್ಟಿಗಿಗೆ ಹಾಕ್ತೀನ್ರಿ.”

“ಹೌದೇನು. ಛಲೋ ಅದ” ಎಂದ. ಆಮೇಲೆ ಗೂಡಿನಲ್ಲಿದ್ದ ಒಂದು ಟ್ಯಾಂಕಿನ ಮೈಗೆ ಅಂಟಿಸಿದ್ದ ಪುಟ್ಟ ಸಲಿಕೆಗೆ ಬೊಟ್ಟು ಮಾಡಿ, “ಆ ಸಲಿಕಿ ಆ ಕಡಿಗಿ ಇರಂಗಿಲ್ಲ. ಈ ಕಡಿಗಿ ಇರ್ತದ” ಎಂದ.

ನನ್ನ ಕೆಲಸದಲ್ಲಿ ತಪ್ಪು ಹುಡುಕಿದ ಮೊದಲ ಮನುಷ್ಯ! ಎಷ್ಟು ಖುಷಿಯಾಯಿತೆಂದರೆ ಅವನೆದುರೇ ಸಲಿಕೆ ಕಿತ್ತು ಅವನು ಹೇಳಿದ ಕಡೆಗೆ ಅಂಟಿಸಿದೆ. ಅಂದಿನಿಂದ ದಿನಾ ಸಂಜೆ ಬರತೊಡಗಿದ. ಬಚ್ಚಲಲ್ಲಿ ಕಾಲು ತೊಳೆದು ಬಂದು, ಗೋಡೆಗೆ ಆನಿಕೊಂಡು ಕೂತು, ನಾನು ಉಜ್ಜುವುದನ್ನು ನೋಡುತ್ತಿದ್ದ. ಕೆಲವೊಮ್ಮೆ ರೊಟ್ಟಿ ತರುತ್ತಿದ್ದ. ನಾನು ಬೇಡ ಎನ್ನುತ್ತಿದ್ದೆ. “ನಿಮ್ಮ ಹೊಟ್ಟಿಗೂ ನೌಕರಿಗಿದ್ದಂಗ ರೂಲ್ಸ್ ಅವ ಬಿಡ್ರಿ” ಎಂದು ನಕ್ಕು ತಾನೊಬ್ಬನೇ ತಿನ್ನುತ್ತಿದ್ದ.

ಎಂಬತ್ತರ ದಶಕ ಹುಟ್ಟಿದ ಹೊಸದರಲ್ಲಿ ರದ್ದಿ ಅಂಗಡಿಯಿಂದ ಒಂದು ಹೊಸ ಪೆಟ್ಟಿಗೆ ತಂದೆ. ಮುಚ್ಚಳದ ಮೇಲಿನ ಚಿತ್ರ ನೋಡಿದ ಹವಾಲ್ದಾರ್ ಅದನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡ. “ಇದು ನಮ್ಮ ಗಾಡಿ” ಎಂದ. ಆಮೇಲೆ ಅದರ ಕಥೆ ಹೇಳಿದ.

ಅರವತ್ತೈದರ ಲಡಾಯಿಯಲ್ಲಿ ಅವನು ಅಂಥ ಟ್ಯಾಂಕಿನಲ್ಲಿ ತೋಪು ಹಾರಿಸುವವನಾಗಿದ್ದ. ಅದರ ಡ್ರೈವರ್ ದೇವದುರ್ಗದವನು. ಇಬ್ಬರೂ ಒಂದೇ ದಿನ ಭರ್ತಿಯಾದವರು, ಊಟ ನಿದ್ದೆ ಎಲ್ಲ ಜೊತೆಗೆ. ಪಂಜಾಬಿನ ಒಂದು ಕಾಲುವೆಯ ದಂಡೆಯ ಮೇಲೆ ಅವರ ಗಾಡಿಗೆ ಗುಂಡು ಬಿದ್ದು ಬೆಂಕಿ ಹತ್ತಿತು. ಮೇಲಿನ ಬಾಗಿಲಿನಿಂದ ಮೂವರು ಜಿಗಿದರು. ಮುಂದೆ ಎಡಗಡೆ ಕೆಳಗೆ ಕೂತ ಡ್ರೈವರ್ ಮಾತ್ರ ಹೊರಗೆ ಬರಲಿಲ್ಲ.

“ಡ್ರೈವರನ ತಲಿ ಮ್ಯಾಲ ಅವನದ ಒಂದು ಮುಚ್ಚಳ ಇರ್ತದರಿ. ತೋಪು ಎಡಕ್ಕ ತಿರುಗಿ ಅದರ ಮ್ಯಾಲ ಬಂದಿತ್ತಂದ್ರ ಆ ಮುಚ್ಚಳ ಏಳಂಗಿಲ್ಲ. ಮೊದಲನೇ ದಿನಾನ ಕಲಿಸಿರ್ತಾರ, ಜಿಗಿಯೂ ಮುಂದ ತೋಪು ನೆಟ್ಟಗ ಮಾಡು ಅಂತ. ನಾ ಮಾಡಲಿಲ್ಲ. ಮೈಗಿ ಬೆಂಕಿ ಹತ್ತಿತ್ತು, ಜಿಗದೆ.”

“ಕೆಳಗ ಇನ್ನೊಂದು ಬಾಗಿಲು ಇರ್ತದಲ್ರಿ?”

“ಅದು ಕೆಸರಾಗ ಹೂತಿತ್ತು.” ಅವನು ಪೆಟ್ಟಿಗೆಯ ಚಿತ್ರದ ಮೇಲೆ ಬೆರಳಿಟ್ಟ. “ತೋಪು ಎಡಕ್ಕಿತ್ತು ಅಂಬೋದು ಖರೆ. ಎಷ್ಟು ಎಡಕ್ಕ ಅಂಬೋದು ತಿಳೀವಲ್ದು. ನಾಕು ಬೆರಳು ಕಡಿಮಿ ಇದ್ರ ಮುಚ್ಚಳ ಎದ್ದಿರಬೇಕು. ಹಂಗಂದ್ರ ಅಂವ ಗುಂಡಿಗೇ ಹೋಗಿದ್ದ, ನನ್ನ ಕೈಯಿಂದಲ್ಲ. ನಾಕು ಬೆರಳು ಹೆಚ್ಚಿದ್ರ…”

ಸತ್ತವನ ತಾಯಿ ದೇವದುರ್ಗದಲ್ಲಿ ಒಬ್ಬಳೇ ಇದ್ದಳು. ಲಡಾಯಿ ಮುಗಿದ ಮೇಲೆ ಅವನ ಟ್ರಂಕು ಹೊತ್ತುಕೊಂಡು ಹೋದವನು ಇದೇ ಹವಾಲ್ದಾರ್. ಅಂದಿನಿಂದ ರಜೆ ಸಿಕ್ಕಾಗೆಲ್ಲ, ಬ್ಯಾಂಕಿಗೆ ಸೇರಿದ ಮೇಲೆ ಪ್ರತಿವರ್ಷ, ಎಳ್ಳಮಾಸಿಗೆ ಅವಳ ಮನೆಗೆ ಹೋಗುತ್ತಿದ್ದ. ಎಳ್ಳಮಾಸಿ, ಅಂದರೆ ಎಳ್ಳು ಅಮಾವಾಸ್ಯೆಯ ದಿನ, ನಮ್ಮ ಕಡೆ ಹೊಲಕ್ಕೆ ಬುತ್ತಿ ಕಟ್ಟಿಕೊಂಡು ಹೋಗಿ, ಮಾಡಿದ ಅಡುಗೆಯನ್ನು ಕಲೆಸಿ ಬೆಳೆಯ ಸುತ್ತ ಚೆಲ್ಲುತ್ತಾರೆ. ಅದಕ್ಕೆ ಚರಗ ಎನ್ನುತ್ತಾರೆ. ಮನೆಯ ಗಂಡುಮಗ ಚೆಲ್ಲಬೇಕು. ಆ ತಾಯಿಯ ಹೊಲದಲ್ಲಿ ಮಗನ ಬದಲು ಇವನು ಚೆಲ್ಲುತ್ತಿದ್ದ. ಅವಳು ಇವನನ್ನು ಎದುರು ಕೂರಿಸಿಕೊಂಡು ಸಜ್ಜಿ ರೊಟ್ಟಿ, ಪುಂಡಿ ಪಲ್ಯ ಉಣ್ಣಿಸುತ್ತಿದ್ದಳು.

“ಪ್ರತಿ ತುತ್ತಿಗೂ ಇದ ವಿಚಾರ ಸಾಹೇಬ್ರ. ಈ ಕೈಯಿಂದ ಆ ಹೊಲಕ್ಕ ಚರಗ ಚೆಲ್ಲಬೌದೋ ಬ್ಯಾಡೋ? ನೀವು ಕೂದಲು ಸೀಳಿ ಅಳತಿ ಮಾಡಾವ್ರು. ಈ ಗಾಡಿ ಮಾಡ್ರಿ. ಮುಚ್ಚಳ ಏಳ್ತದೋ ಇಲ್ಲೋ ಒಮ್ಮಿ ನೋಡಿಬಿಡೂಣು. ಎದ್ರ ನೆಮ್ಮದಿಲಿಂದ ಉಣ್ತೀನಿ. ಏಳಲಿಲ್ಲಂದ್ರ ಆ ಮನಿ ಹೊಸ್ತಿಲ ತುಳಿಯಂಗಿಲ್ಲ.”

ಬೇಡ ಎನ್ನಬೇಕಿತ್ತು. ಆಟಿಗೆ ಸಾಮಾನಿನಿಂದ ಯಾರಾದರೂ ನ್ಯಾಯ ಕೇಳುತ್ತಾರೇನ್ರೀ ಎಂದು ಗದರಬೇಕಿತ್ತು. ಆದರೆ ನನ್ನ ಅಳತೆಯನ್ನು ಒಬ್ಬ ನಂಬಿದ್ದ. ಅಷ್ಟಕ್ಕೇ ಉಬ್ಬಿಹೋದೆ. “ಒಂದು ನೂಲು ಆಚೀಚೆ ಆಗಂಗಿಲ್ಲ ಹವಾಲ್ದಾರ್ರ” ಎಂದೆ. ಮಾಡಿದ್ದುಣ್ಣೋ ಮಹಾರಾಯ ಎಂಬ ಗಾದೆಯೇನೋ ಇದೆ; ಇಲ್ಲಿ ಮಾಡಿದವನು ನಾನು, ಉಣ್ಣಬೇಕಾದವನು ಅವನು.

ನಾಲ್ಕು ತಿಂಗಳು ಹಿಡಿಯಿತು. ಪೆಟ್ಟಿಗೆಯಲ್ಲಿದ್ದ ಮುಚ್ಚಳ ದಪ್ಪ ಎನಿಸಿ, ಉಜ್ಜಿ ಸರಿಯಾದ ಅಳತೆಗೆ ತಂದೆ. ಸೂಜಿಯ ತುಂಡಿನಿಂದ ಅದಕ್ಕೆ ತಿರುಗಣೆ ಕೂರಿಸಿದೆ. ಆರು ಮೂಲೆಯ ಮನೆಗಳ ಒಂದು ಹಾಳೆಯನ್ನು ಕೈಯಿಂದಲೇ ಗೆರೆ ಎಳೆದು ಮಾಡಿ, ಹವಾಲ್ದಾರ್ ಹೇಳಿದ ಹಾಗೆ ಕಾಲುವೆ, ಕಬ್ಬಿನ ಹೊಲ, ಪಂಪಿನ ಮನೆ ಬರೆದೆ. ಗಾಡಿಯ ಮೂತಿ ಕಾಲುವೆಯ ದಾರಿಗೆ ನೇರ. ಕೊನೆಯ ಗುಂಡು ಹೊಡೆದದ್ದು ಪಂಪಿನ ಮನೆಯ ಮೂಲೆಗೆ. ಅದು ತಗ್ಗಿನಲ್ಲಿದ್ದುದರಿಂದ ತೋಪು ಕೆಳಗೆ ಬಾಗಿತ್ತು. ತೋಪು ಹಾರಿಸುವವನು ಹೆಂಡತಿಯ ಮುಖ ಮರೆತರೂ ಗುರಿಯ ದೂರ ಮರೆಯುವುದಿಲ್ಲ ಎನ್ನುತ್ತಿದ್ದ. ದಾರಿಯಿಂದ ಪಂಪಿನ ಮನೆಗೆ ಗೆರೆ ಎಳೆದಾಗ ತೋಪಿನ ಕೋನ ತಾನೇ ಸಿಕ್ಕಿತು.

ಎಳ್ಳಮಾಸಿಗೆ ಇನ್ನು ವಾರವಿತ್ತು. ಹವಾಲ್ದಾರ್ ಎರಡು ದಿನದ ಮಟ್ಟಿಗೆ ಅರಕೇರಾಕ್ಕೆ ಹೋಗಿದ್ದ. ನಾನೊಬ್ಬನೇ ಗಾಡಿಯನ್ನು ಹಾಳೆಯ ಮೇಲಿಟ್ಟೆ. ತೋಪನ್ನು ಗೆರೆಗೆ ತಂದು ಬಾಗಿಸಿದೆ. ಗುಂಡುಸೂಜಿಯ ತುದಿಯಿಂದ ಮುಚ್ಚಳ ಎತ್ತಿದೆ. ಜೋಳದ ಕಾಳಿನಷ್ಟು ಎದ್ದು ತೋಪಿಗೆ ತಾಗಿ ನಿಂತಿತು.

ಮತ್ತೆ ಅಳೆದೆ. ಗೆರೆ ಸರಿ ಇತ್ತು. ಇನ್ನೊಮ್ಮೆ ಎತ್ತಿದೆ. ಅಷ್ಟೇ ಎದ್ದಿತು. ನಿಜವಾದ ಗಾಡಿಯಲ್ಲಿ ಅಷ್ಟು ಸಂದಿಯಿಂದ ಒಂದು ಕೈ ಹೊರಗೆ ಬರಬಹುದಿತ್ತು, ತಲೆ ಬರುತ್ತಿರಲಿಲ್ಲ. ಕಾಲುವೆಯ ಗೆರೆ ತಪ್ಪಿರಬಹುದು, ಗಾಡಿ ಕೆಸರಿನಲ್ಲಿ ವಾಲಿರಬಹುದು, ಅವನ ನೆನಪೇ ಸುಳ್ಳಿರಬಹುದು ಎಂದು ನನಗೆ ನಾನೇ ನೂರು ಹೇಳಿಕೊಂಡೆ. ಒಂದನ್ನೂ ನಂಬಲಿಲ್ಲ. ಜೀವನದಲ್ಲಿ ಮೊದಲ ಸಲ ಒಂದು ವಸ್ತುವನ್ನು ಸರಿಯಾಗಿ ಮಾಡಿದ್ದಕ್ಕೆ ನನ್ನನ್ನೇ ಬೈದುಕೊಂಡೆ.

ಆಮೇಲೆ ಮಾಡಿದ್ದನ್ನು ಹೇಳಿಬಿಡುತ್ತೇನೆ. ಬಚ್ಚಲಲ್ಲಿದ್ದ ಗುಲಾಬಿ ಬಣ್ಣದ ಸೋಪಿನ ಡಬ್ಬಿಯ ಮುಚ್ಚಳ ತಂದೆ. ಅದರಿಂದ ಒಂದು ತೆಳುವಾದ ಬಳೆ ಕತ್ತರಿಸಿ, ತೋಪನ್ನು ಹೊತ್ತು ತಿರುಗುವ ಗೋಪುರ ಕೂಡುವ ಜಾಗದಲ್ಲಿ ಕೆಳಗೆ ಅಂಟಿಸಿದೆ. ಗೋಪುರ ಒಂದಿಷ್ಟು ಮೇಲೆದ್ದಿತು, ತೋಪೂ ಎದ್ದಿತು, ಡ್ರೈವರನ ಮುಚ್ಚಳ ಸಲೀಸಾಗಿ ತೆರೆಯಿತು. ಬಳೆಗೆ ಹಸಿರು ಬಣ್ಣ ಬಳಿದೆ. ಅಂಥ ಹೊಲಸು ಕೆಲಸವನ್ನು ಅಷ್ಟು ನಾಜೂಕಾಗಿ ಮಾಡಿದ್ದು ನಾನೇ.

ಹವಾಲ್ದಾರ್ ಬಂದ. ಸ್ನಾನ ಮಾಡಿ, ಇಸ್ತ್ರಿ ಅಂಗಿ ಹಾಕಿಕೊಂಡು ಬಂದಿದ್ದ. ಹಾಳೆಯ ಎದುರು ಚಕ್ಕಳಮಕ್ಕಳ ಕೂತು ತೋಪನ್ನು ತಾನೇ ತಿರುಗಿಸಿದ, ತಾನೇ ಬಾಗಿಸಿದ. ಗುಂಡುಸೂಜಿಯಿಂದ ಮುಚ್ಚಳ ಎತ್ತಿದ. ಎದ್ದಿತು.

“ಎದ್ದಿತಲ್ರೀ!” ಎಂದ. ಮುಚ್ಚಿದ, ಎತ್ತಿದ, ಮುಚ್ಚಿದ, ಎತ್ತಿದ. ಕಣ್ಣಲ್ಲಿ ನೀರು. “ಯಪ್ಪಾ, ಎದ್ದಿತಲ್ಲೋ!” ಎಂದು ಸತ್ತವನಿಗೆ ಹೇಳುವ ಹಾಗೆ ಹೇಳಿದ. ನಾನು ಚಹಾ ಇಡುವ ನೆಪದಲ್ಲಿ ಸ್ಟೋವಿನ ಕಡೆ ತಿರುಗಿದೆ. ಎದೆಯ ಮೇಲಿನ ಕಲ್ಲು ಇಳಿದಿತ್ತು. ಸುಳ್ಳು ಹೇಳಿಯೂ ಇಷ್ಟು ಹಗುರಾಗಬಹುದೇ ಎಂದು ಸೋಜಿಗವಾಗಿತ್ತು.

ಚಹಾ ತಂದಾಗ ಅವನು ಗಾಡಿಯನ್ನು ಕೈಯಲ್ಲಿ ಹಿಡಿದು, ಗೋಪುರದ ಬುಡದ ಸಂದಿಯಲ್ಲಿ ಉಗುರು ಆಡಿಸುತ್ತಿದ್ದ. “ದಿನಾ ಮುಂಜಾನಿ ಈ ಸಂದ್ಯಾಗಿನ ಉಸುಕು ತೆಗೀತಿದ್ದೆ. ಕಡ್ಡಿ ಸುದ್ದಾ ಹೋಗ್ತಿದ್ದಿಲ್ಲ, ತಗಡಿನ ಚೂರು ಬೇಕಾಗ್ತಿತ್ತು” ಎನ್ನುತ್ತಿದ್ದವನು ಅಲ್ಲಿಗೇ ನಿಂತ. ಇಲ್ಲಿ ಉಗುರು ಹೋಗುತ್ತಿತ್ತು. ಕೆರೆದ. ಹಸಿರು ಬಣ್ಣ ಸುಲಿದು ಗುಲಾಬಿ ಕಂಡಿತು.

ಅವನು ನನ್ನನ್ನು ನೋಡಲಿಲ್ಲ, ಬಚ್ಚಲಿನ ಬಾಗಿಲ ಕಡೆ ನೋಡಿದ. ದಿನಾ ಕಾಲು ತೊಳೆಯುವಾಗ ಆ ಡಬ್ಬಿಯನ್ನು ಕಂಡವನು.

“ಇಷ್ಟು ಅಳತಿ ನೋಡೋ ಮನುಷ್ಯಾ, ಇಲ್ಲಿ ಯಾಕ ತಪ್ಪಿದ್ರಿ ಸಾಹೇಬ್ರ?”

ಸುಮ್ಮನೆ ತಪ್ಪಾಯಿತು ಎಂದರೂ ಅವನು ನಂಬುವವನಲ್ಲ. ನಾಲ್ಕು ವರ್ಷ ನನ್ನನ್ನು ನೋಡಿದವನು. ಮುಚ್ಚಳ ಎದ್ದಿದ್ದರೆ ನಾನು ಬಳೆ ಕತ್ತರಿಸುತ್ತಿರಲಿಲ್ಲ ಎಂಬುದು ತಿಳಿಯಲಿಕ್ಕೆ ಅವನಿಗೆ ಎಷ್ಟು ಹೊತ್ತು ಬೇಕು?

“ಆತು ಬಿಡ್ರಿ. ತಿಳೀತು” ಎಂದ. ಗಾಡಿಯನ್ನು ಹಾಳೆಯ ಮೇಲೆ, ಎಲ್ಲಿತ್ತೋ ಅಲ್ಲಿಯೇ ಇಟ್ಟ. ಚಹಾ ಕುಡಿದು, ಬಟ್ಟಲು ತೊಳೆದಿಟ್ಟು ಹೋದ.

ಆ ವರ್ಷ ಎಳ್ಳಮಾಸಿಗೆ ಅವನು ರಜೆ ಹಾಕಲಿಲ್ಲ. ಬೆಳಗಿನಿಂದ ಸಂಜೆಯವರೆಗೆ ಸ್ಟೂಲಿನ ಮೇಲೆ ಬಂದೂಕು ಹಿಡಿದು ಕೂತಿದ್ದ. ಮಾತಾಡಿಸಲು ಹೋದರೆ, “ಕೌಂಟರ್‌ನಾಗ ಮಂದಿ ನಿಂತಾರ, ನೋಡ್ರಿ” ಎಂದ.

ಮರುದಿನ ಮಧ್ಯಾಹ್ನ ಒಬ್ಬ ಮುದುಕಿ ಬ್ಯಾಂಕಿನ ಮೆಟ್ಟಿಲು ಹತ್ತುವುದು ಕಂಡಿತು. ಕಂಕುಳಲ್ಲಿ ಬಟ್ಟೆಯ ಗಂಟು. ಹವಾಲ್ದಾರ್ ಅವಳನ್ನು ಕಂಡವನೇ ಬಂದೂಕನ್ನು ಮ್ಯಾನೇಜರ ಕೋಣೆಯಲ್ಲಿಟ್ಟು, ಹೊಟ್ಟೆನೋವು ಎಂದು ಹೇಳಿ, ಹಿತ್ತಲಿಗೆ ಹೋಗಿಬಿಟ್ಟ. ಅವಳು ಸೀದಾ ನನ್ನ ಕೌಂಟರಿಗೆ ಬಂದಳು.

“ಯಪ್ಪಾ, ಬಂದೂಕ ಹಿಡಕೊಂಡು ಕುಂದ್ರತಾನಲ್ಲ ಅರಕೇರಾದ ಹುಡುಗ, ಎಲ್ಲಿ ಹೋಗ್ಯಾನ?”

ನಲವತ್ತೈದರ ಗಂಡಸು ಅವಳಿಗೆ ಹುಡುಗ. ನಾನು ಹೊರಗೆ ಬಂದು, ಅವನಿಗೆ ಮೈಯಲ್ಲಿ ಹುಷಾರಿಲ್ಲ ಎಂದೆ. ಅವಳು ಸ್ಟೂಲಿನ ಪಕ್ಕ ನೆಲದ ಮೇಲೆ ಕೂತಳು. ಸಿರವಾರದಲ್ಲಿ ಬಸ್ಸು ಬದಲಿಸಿ ಬಂದಿದ್ದಳು. ಧೂಳಿಗೆ ಕಣ್ಣು ಕೆಂಪಾಗಿತ್ತು.

“ನಿನ್ನಿ ಹೊತ್ತು ಮುಳುಗೂ ತನಕ ಹೊಲದಾಗ ಹಾದಿ ನೋಡಿದೆ. ಚರಗದ ಬುಟ್ಟಿ ಹಂಗ ಇಟ್ಟೀನಿ, ಚೆಲ್ಲಿಲ್ಲ. ಅಂವಗ ಏನಾಗ್ಯದ? ನಿನಗೇನಾರ ಹೇಳ್ಯಾನೇನು?”

“ಇಲ್ಲ ಯವ್ವಾ” ಎಂದೆ. ಮೊದಲು ಕೈಯಿಂದ ಸುಳ್ಳು ಮಾಡಿದ್ದೆ, ಈಗ ಬಾಯಿಂದ.

ಅವಳು ನನ್ನ ಮುಖವನ್ನು ನೋಡಿದಳು. ಆಮೇಲೆ ದನಿ ತಗ್ಗಿಸಿದಳು. “ಆ ತೋಪಿನ ಸುದ್ದಿ ಏನಾರ ತೆಗದನೇನು?”

ನಾನು ಅವಳ ಪಕ್ಕ ನೆಲದ ಮೇಲೆ ಕೂತೆ.

“ಮೊದಲ ಸಲ ಟ್ರಂಕು ತಂದಾಗ ನಮ್ಮನ್ಯಾಗ ಜ್ವರ ಬಂದು ಮಲಗಿದ್ದ. ಜ್ವರದಾಗ ರಾತ್ರೆಲ್ಲ ಒಂದ ಮಾತು, ‘ತೋಪು ನೆಟ್ಟಗ ಮಾಡಲಿಲ್ಲೋ, ಮುಚ್ಚಳ ಏಳಲಿಲ್ಲೋ’ ಅಂತ. ನಾ ಏನು ಸಣ್ಣ ಕೂಸೇನು? ತಿಳೀತು ನನಗ. ಮಗ ಅಂತೂ ಹೋದ, ಇದನ್ನ ಹಿಡಕೊಂಡು ಇವನ್ನೂ ಕಳಕೊಳ್ಳೂದು ಯಾಕಂತ ಬಾಯಿ ಮುಚ್ಚಿಕೊಂಡೆ. ಅಂವ ಬರಲಿಲ್ಲಂದ್ರ ನನ್ನ ಮಗನ ಸುದ್ದಿ ಮಾತಾಡಾಕ ಯಾರದಾರಪ್ಪಾ ನನಗ?”

ಬಸ್ಸಿಗೆ ಹೊತ್ತಾಯಿತೆಂದು ಎದ್ದಳು. ಗಂಟನ್ನು ನನ್ನ ಕೈಗೆ ಕೊಟ್ಟು, “ಅಂವಗ ಕೊಡು. ಬುಟ್ಟಿ ಇನ್ನಾ ಇಟ್ಟೀನಿ ಅಂತ ಹೇಳು” ಎಂದಳು.

ನಾನು ಹಿತ್ತಲಿಗೆ ಓಡಿದೆ. ಖರೇನೇ ಓಡಿದೆ. ಎಲ್ಲ ಸರಿಹೋಯಿತು ಎಂಬ ಹುಚ್ಚು ಸಂತೋಷ ನನಗೆ. ಹವಾಲ್ದಾರ್ ಬೇವಿನ ಮರದ ಕೆಳಗೆ ಕುಕ್ಕರಗಾಲಲ್ಲಿ ಕೂತಿದ್ದ. ಉಸಿರು ಬಿಡದೆ ಹೇಳಿದೆ: ಆಕೆಗೆ ಎಲ್ಲ ಗೊತ್ತು, ಮೊದಲ ದಿನದಿಂದಲೇ ಗೊತ್ತು, ಗೊತ್ತಿದ್ದೇ ನಿಮ್ಮನ್ನು ಕರೆದು ಉಣ್ಣಿಸಿದ್ದಾಳೆ, ಏಳ್ರಿ, ಬಸ್ಸು ಇನ್ನೂ ಬಿಟ್ಟಿಲ್ಲ.

ಅವನು ಏಳಲಿಲ್ಲ. ಕೆಳಗೆ ಮಣ್ಣಿನಲ್ಲೇ ಕೂತುಬಿಟ್ಟ.

“ಇಷ್ಟು ವರ್ಷ ಗೊತ್ತಿದ್ದೂ ರೊಟ್ಟಿ ಹಾಕ್ಯಾಳೇನು?” ಎಂದ. “ಆಕಿಗಿ ಗೊತ್ತಿಲ್ಲಂತ ಉಣ್ತಿದ್ದೆ ಸಾಹೇಬ್ರ. ಇನ್ನ ಯಾವ ಮಾರಿ ತಗೊಂಡು ಹೋಗ್ಲಿ?”

ನಾನು ಗಂಟನ್ನು ಅವನ ಮುಂದಿಟ್ಟು, ಚರಗದ ಬುಟ್ಟಿ ಇನ್ನೂ ಇಟ್ಟಿದ್ದಾಳಂತೆ ಎಂದೆ. ಬೀದಿಯಲ್ಲಿ ಬಸ್ಸಿನ ಹಾರ್ನ್ ಕೇಳಿತು, ಆಮೇಲೆ ಅದು ಹೋದದ್ದೂ ಕೇಳಿತು.

ಅವನು ಗಂಟು ಬಿಚ್ಚಿದ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಒಣಗಿ ಗಟ್ಟಿಯಾಗಿತ್ತು. ಎರಡು ತುಂಡು ಮಾಡಿ ಒಂದನ್ನು ನನ್ನ ಕೈಗಿಟ್ಟ. ಅಮ್ಮನ ಮಡಿ, ನನ್ನ ರೂಲ್ಸು, ಯಾವುದೂ ನೆನಪಿಗೆ ಬರಲಿಲ್ಲ. ನಾನು ತಿಂದೆ. ತನ್ನ ತುಂಡನ್ನು ಅವನು ಕೈಯಲ್ಲೇ ಹಿಡಿದುಕೊಂಡು ಕೂತಿದ್ದ.